ನಡುಗಡ್ಡೆಯ ವಿದ್ಯುತ್ತು: ತಂತಿಗೆ ಮೊದಲು ಆಗಬೇಕಾದ ಮಾತು

ಮಾನ್ಯ ಸಭಿಕರೇ,

ಹಾಸನದಲ್ಲಿ ನಿಂತು ಸಮುದ್ರದ ನಡುವಿನ ದ್ವೀಪವೊಂದರ ವಿದ್ಯುತ್ತಿನ ಬಗ್ಗೆ ಮಾತನಾಡುವುದಕ್ಕೆ ಕಾರಣವಿದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಸಕಲೇಶಪುರದ ಘಟ್ಟದಂಚಿನ ಒಂಟಿಮನೆಗಳಿಗೂ ಮೂಡಿಗೆರೆಯ ಒಳಹಳ್ಳಿಗಳಿಗೂ ದಿನಗಟ್ಟಲೆ ಕರೆಂಟು ಇರುವುದಿಲ್ಲ. ಆ ದಿನಗಳ ಮಟ್ಟಿಗೆ ಅವೂ ನಡುಗಡ್ಡೆಗಳೇ.

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಸುಮಾರು ನೂರು ಜನರು ವಾಸಿಸುವ ಎಗ್ ಎಂಬ ದ್ವೀಪವಿದೆ. 1997ರಲ್ಲಿ ಅಲ್ಲಿನ ನಿವಾಸಿಗಳೂ ಸೇರಿದ ಟ್ರಸ್ಟ್ ಇಡೀ ದ್ವೀಪವನ್ನೇ ಕೊಂಡುಕೊಂಡಿತು. ಆಗ ಅಲ್ಲಿ ವಿದ್ಯುತ್ ಜಾಲವೇ ಇರಲಿಲ್ಲ. ಬಹುತೇಕ ಮನೆಗಳು ತಮ್ಮ ತಮ್ಮ ಡೀಸೆಲ್ ಜನರೇಟರುಗಳನ್ನೇ ನಂಬಿಕೊಂಡಿದ್ದವು. 2008ರ ಫೆಬ್ರವರಿ 1ರಂದು ಸಮುದಾಯದ್ದೇ ಆದ ಜಾಲ ಚಾಲನೆಗೊಂಡಿತು. 100 ಕಿಲೋವ್ಯಾಟಿನ ಒಂದು ಜಲವಿದ್ಯುತ್ ಘಟಕ, ಅದರ ಜೊತೆಗೆ ಎರಡು ಸಣ್ಣ ಘಟಕಗಳು, ತಲಾ 6 ಕಿಲೋವ್ಯಾಟಿನ ನಾಲ್ಕು ಗಾಳಿಯಂತ್ರಗಳು, ಸೌರ ಫಲಕಗಳು, ಬ್ಯಾಟರಿಗಳು, ಇವೆಲ್ಲ ಸೋತಾಗ ಮಾತ್ರ ಡೀಸೆಲ್. ನೆಲದಡಿ ಹೂತ ಕೇಬಲ್ಲು ಇವನ್ನೆಲ್ಲ ಮನೆಗಳಿಗೆ ಜೋಡಿಸುತ್ತದೆ.

ಯಂತ್ರಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಅವರು ಒಪ್ಪಿಕೊಂಡ ಮಿತಿ. ಯಾವುದೇ ಮನೆ ಒಮ್ಮೆಗೆ 5 ಕಿಲೋವ್ಯಾಟಿಗಿಂತ, ಯಾವುದೇ ಅಂಗಡಿ ಅಥವಾ ಉದ್ದಿಮೆ 10 ಕಿಲೋವ್ಯಾಟಿಗಿಂತ ಹೆಚ್ಚು ಸೆಳೆಯುವಂತಿಲ್ಲ. ಮೀರಿದರೆ ಆ ಮನೆಯ ಸಂಪರ್ಕ ಕಡಿಯುತ್ತದೆ. ದೊಡ್ಡ ಜಾಲದಲ್ಲಿ ಒಬ್ಬರು ಗೀಸರ್ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ, ಆದರೆ ನೂರು ಜನರ ಜಾಲದಲ್ಲಿ ಹತ್ತು ಮನೆಯವರು ಒಟ್ಟಿಗೆ ಹಾಕಿದರೆ ಇಡೀ ಊರಿನ ಸರಬರಾಜು ತೂಗುಯ್ಯಾಲೆಗೆ ಬೀಳುತ್ತದೆ. ಅರಸೀಕೆರೆ ಸೀಮೆಯ ಕೆರೆಗಳಲ್ಲಿ ನೀರುಗಂಟಿ ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಕೆರೆಯಲ್ಲಿ ಎಷ್ಟು ನೀರಿದೆಯೆಂದು ಎಲ್ಲರ ಕಣ್ಣಿಗೂ ಕಾಣುತ್ತಿದ್ದುದರಿಂದಲೇ ಹಂಚಿಕೆಯ ಮಾತು ಸಾಧ್ಯವಾಗುತ್ತಿತ್ತು. ಎಗ್ ದ್ವೀಪದವರು ಈ ಮಿತಿಯ ಮೂಲಕ ವಿದ್ಯುತ್ತನ್ನೂ ಹಾಗೆ ಕಣ್ಣಿಗೆ ಕಾಣುವಂತೆ ಮಾಡಿಕೊಂಡರು. ಉತ್ಪಾದನೆ ಹೆಚ್ಚಾದಾಗ ಉಳಿದದ್ದನ್ನು ಸಮುದಾಯ ಭವನದಂತಹ ಸಾರ್ವಜನಿಕ ಕಟ್ಟಡಗಳನ್ನು ಬೆಚ್ಚಗಿಡಲು ಬಳಸುತ್ತಾರೆ. ಜಾಲದ ನಿತ್ಯದ ದೇಖರೇಖಿಯನ್ನು ತರಬೇತಿ ಪಡೆದ ದ್ವೀಪವಾಸಿಗಳೇ ಮಾಡುತ್ತಾರೆ.

ಎಲ್ಲ ದ್ವೀಪಕ್ಕೂ ಇದೇ ದಾರಿಯೆಂದು ನಾನು ಹೇಳಲಾರೆ. ಎಲಿಫೆಂಟಾ ಗುಹೆಗಳಿರುವ ಘಾರಾಪುರಿಗೆ 2018ರಲ್ಲಿ ಸಮುದ್ರದಡಿ 7.5 ಕಿಲೋಮೀಟರ್ ಕೇಬಲ್ ಎಳೆದು ವಿದ್ಯುತ್ ಕೊಟ್ಟರು. ಮುಂಬಯಿಯಂತಹ ನಗರದ ಎದುರಿಗಿದ್ದೂ ಸ್ವಾತಂತ್ರ್ಯ ಬಂದು 70 ವರ್ಷ ಕಾಯಬೇಕಾದದ್ದು ನೋವಿನ ಸಂಗತಿ. ಆದರೂ ದಡ ಅಷ್ಟು ಹತ್ತಿರವಿರುವಲ್ಲಿ ಕೇಬಲ್ಲೇ ಸರಿಯಾದ ಆಯ್ಕೆ. ನಮ್ಮ ಶಿವನಸಮುದ್ರವೂ ಕಾವೇರಿಯ ನಡುಗಡ್ಡೆಯೇ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಮೊದಲು ಹೋಯಿತು. ದೂರವೆಂಬುದು ಎಂದೂ ನಿಜವಾದ ಅಡ್ಡಿಯಾಗಿರಲಿಲ್ಲ, ಯಾರಿಗಾಗಿ ತಂತಿ ಎಳೆಯುತ್ತೇವೆ ಎಂಬುದೇ ಪ್ರಶ್ನೆಯಾಗಿತ್ತು.

ಮಲೆನಾಡಿನ ಮನೆಗಳಲ್ಲಿ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ ಒಂದು ಕಿಲೋವ್ಯಾಟಿನಷ್ಟು ವಿದ್ಯುತ್ ತೆಗೆಯುವ ಕಿರು ಟರ್ಬೈನುಗಳು ಹೊಸತಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿರುತ್ತದೆ, ಬಿಸಿಲು ಇರುವುದಿಲ್ಲ. ಮಾರ್ಚ್ ಏಪ್ರಿಲ್‌ಗಳಲ್ಲಿ ಹಳ್ಳ ಬತ್ತುತ್ತದೆ, ಬಿಸಿಲು ಧಾರಾಳ. ಟರ್ಬೈನು, ಸೌರ ಫಲಕ ಎರಡನ್ನೂ ನಾಲ್ಕಾರು ಮನೆಗಳು ಸೇರಿ ಹಾಕಿಕೊಂಡರೆ ವರ್ಷದ ಬಹುಪಾಲು ನಡೆಯುತ್ತದೆ. ಆದರೆ ಯಂತ್ರಕ್ಕೆ ಮುಂಗಡ ಕೊಡುವ ಮೊದಲೇ ಆ ಮನೆಯವರು ಕೂತು ಒಂದು ಮನೆಗೆ ಎಷ್ಟು ವ್ಯಾಟ್, ಬೇಸಿಗೆಯಲ್ಲಿ ವಿದ್ಯುತ್ ಸಾಲದಾದಾಗ ಮೊದಲು ಯಾವ ಉಪಕರಣವನ್ನು ಬಂದ್ ಮಾಡಬೇಕು, ಬ್ಯಾಟರಿ ಬದಲಿಸುವ ಹಣವನ್ನು ತಿಂಗಳು ತಿಂಗಳು ಯಾರ ಬಳಿ ಕೂಡಿಡಬೇಕು ಎಂಬುದನ್ನು ಬರವಣಿಗೆಯಲ್ಲಿ ತೀರ್ಮಾನಿಸಿಕೊಳ್ಳಬೇಕು.