ಅನಂತಕ್ಕೂ ಅಳತೆ ಇದೆ

ನಮಸ್ಕಾರ. ಹೋದ ವಾರ ಅಕ್ಕನ ಮಗಳು ನನ್ನನ್ನು ಕೇಳಿದಳು, "ಮಾಮಾ, ಅನಂತ ಅಂದ್ರೆ ಎಷ್ಟು?" ನಾನು ಬಾಯಿ ತೆಗೆಯುವ ಮೊದಲೇ ಪಕ್ಕದಲ್ಲಿದ್ದ ಹಿರಿಯರೊಬ್ಬರು ಹೇಳಿಬಿಟ್ಟರು: "ಅದನ್ನ ಅಳೆಯೋಕಾಗಲ್ಲ ಪುಟ್ಟಿ. ಅದಕ್ಕೇ ಅನಂತ ಅನ್ನೋದು." ಅವಳು ಸುಮ್ಮನಾದಳು. ನನಗೆ ಮಾತ್ರ ಸುಮ್ಮನಿರೋಕೆ ಆಗಲಿಲ್ಲ. ಅನಂತವನ್ನು ಅಳೆಯಬಹುದು. ಅಳೆದೂ ಆಗಿದೆ. ಟೇಪು ಹಿಡಿದು ಅಲ್ಲ, ಅಷ್ಟೇ.

ಮದುವೆ ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. ಉದ್ದಕ್ಕೆ ಬಾಳೆ ಎಲೆ ಹಾಕಿದ್ದಾರೆ. ಬಡಿಸುವವರು ಎಲೆ ಎಣಿಸುವುದಿಲ್ಲ, ತಲೆಯನ್ನೂ ಎಣಿಸುವುದಿಲ್ಲ. ಒಮ್ಮೆ ಕಣ್ಣು ಹಾಯಿಸುತ್ತಾರೆ. ಒಂದು ಎಲೆಯೂ ಖಾಲಿ ಇಲ್ಲ, ಯಾರೂ ನಿಂತಿಲ್ಲ. ಅಂದರೆ ಎಲೆ ಎಷ್ಟೋ ಜನ ಅಷ್ಟೇ. ನೂರೋ ಇನ್ನೂರೋ, ಯಾರಿಗೆ ಬೇಕು? ಜೋಡಿ ಸರಿಹೋದರೆ ಅಳತೆ ಸರಿಹೋಯಿತು.

ಜರ್ಮನಿಯ ಹಾಲೆ ಊರಿನಲ್ಲಿ ಪಾಠ ಹೇಳುತ್ತಿದ್ದ ಗಣಿತಜ್ಞ ಗೇಯೋರ್ಗ್ ಕ್ಯಾಂಟರ್ ಕೈಗೆತ್ತಿಕೊಂಡದ್ದು ಇದನ್ನೇ. ಮುಗಿಯದ ಪಂಕ್ತಿಗೂ ಇದೇ ಅಳತೆ ಹಿಡಿಯೋಣ ಅಂದರು. ಎಲೆಗಳ ಮೇಲೆ 1, 2, 3 ಅಂತ ನಂಬರು ಇದೆ, ಎಲೆಗಳಿಗೆ ಕೊನೆಯೇ ಇಲ್ಲ. ಊಟಕ್ಕೆ ಬಂದವರು ಬರೀ ಸರಿಸಂಖ್ಯೆಗಳು. 1ನೇ ಎಲೆಗೆ 2 ಕೂತಿತು, 2ನೇ ಎಲೆಗೆ 4, 3ನೇ ಎಲೆಗೆ 6. ಯಾವ ಎಲೆ ಖಾಲಿ ಉಳಿಯಿತು? ಯಾವುದೂ ಇಲ್ಲ. ಅರ್ಧ ಅಂತ ಕಾಣುವುದು ಪೂರ್ತಿಗೆ ಸಮ! 1638ರಲ್ಲೇ ಗೆಲಿಲಿಯೊ ವರ್ಗಸಂಖ್ಯೆಗಳಲ್ಲಿ ಇಂಥದ್ದೇ ವಿಚಿತ್ರ ಕಂಡಿದ್ದರು. ಹಾಗಾದರೆ ಅನಂತದಲ್ಲಿ ಹೆಚ್ಚು, ಕಡಿಮೆ, ಸಮ ಅನ್ನೋ ಮಾತೇ ಸಲ್ಲದು ಅಂತ ಅಲ್ಲಿಗೇ ನಿಲ್ಲಿಸಿದರು. ಕ್ಯಾಂಟರ್ ನಿಲ್ಲಿಸಲಿಲ್ಲ.

ಈಗ 0 ಮತ್ತು 1ರ ನಡುವಿನ ದಶಮಾಂಶಗಳನ್ನೆಲ್ಲ ಊಟಕ್ಕೆ ಕರೆಯಿರಿ. ಎಲ್ಲರೂ ಕೂತರು ಅಂತಲೇ ಇಟ್ಟುಕೊಳ್ಳೋಣ. ಮೊದಲ ಎಲೆಯಲ್ಲಿ 0.5172…, ಎರಡನೆಯದರಲ್ಲಿ 0.3333…, ಮೂರನೆಯದರಲ್ಲಿ 0.1415…. ಬಿಂದುವಿನ ನಂತರ ಮೊದಲನೆಯವರ ಮೊದಲ ಅಂಕಿ ನೋಡಿ, ಎರಡನೆಯವರ ಎರಡನೇ ಅಂಕಿ, ಮೂರನೆಯವರ ಮೂರನೇ ಅಂಕಿ. 5 ಇದ್ದರೆ 6 ಬರೆಯಿರಿ, ಬೇರೆ ಏನೇ ಇದ್ದರೂ 5 ಬರೆಯಿರಿ. ನಮಗೆ ಸಿಕ್ಕಿದ್ದು 0.655…. ಇವರು ಯಾವ ಎಲೆಯಲ್ಲಿದ್ದಾರೆ? ಮೊದಲ ಎಲೆಯಲ್ಲಿಲ್ಲ, ಮೊದಲ ಅಂಕಿಯೇ ಬೇರೆ. ಸಾವಿರನೇ ಎಲೆಯಲ್ಲೂ ಇಲ್ಲ, ಸಾವಿರನೇ ಅಂಕಿ ಬೇರೆ. ಪಾಪ, ನಿಂತೇ ಇದ್ದಾರೆ. ಎಲ್ಲರನ್ನೂ ಒಂದೊಂದು ಎಲೆ ಸರಿಸಿ ಇವರನ್ನು ಕೂರಿಸಿ, ಅದೇ ಲೆಕ್ಕದಲ್ಲಿ ಇನ್ನೊಬ್ಬರು ನಿಂತಿರುತ್ತಾರೆ. ಹೇಗೆ ಕೂರಿಸಿದರೂ ಎಲೆ ಸಾಲದು. ಅಂದರೆ ಈ ಅನಂತ ಆ ಅನಂತಕ್ಕಿಂತ ದೊಡ್ಡದು. 1874ರಲ್ಲೇ ಕ್ಯಾಂಟರ್ ಇದನ್ನು ಬೇರೆ ದಾರಿಯಲ್ಲಿ ಸಾಧಿಸಿದ್ದರು. ಈ ಓರೆ ಸಾಲಿನ ಉಪಾಯ 1891ರದ್ದು. ಮೊದಲ ಸಲ ಇದು ಅರ್ಥವಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಜೈನ ಪಂಡಿತರೂ ಅನಂತ ಅಂದರೆ ಒಂದೇ ಅಂತ ಬಿಟ್ಟವರಲ್ಲ. ಸಂಖ್ಯಾತ (ಎಣಿಸಬಹುದಾದದ್ದು), ಅಸಂಖ್ಯಾತ (ಎಣಿಸಲಾಗದ್ದು), ಅನಂತ (ಕೊನೆಯೇ ಇಲ್ಲದ್ದು) ಅಂತ ಬೇರೆ ಮಾಡಿ, ಒಂದೊಂದರಲ್ಲೂ ಮತ್ತೆ ಬಗೆಗಳನ್ನು ಹೇಳಿದರು. ಅವರ ಲೋಕವರ್ಣನೆಯ ನಡುವಿನ ದೊಡ್ಡ ದ್ವೀಪವಾದ ಜಂಬೂದ್ವೀಪದಷ್ಟು ಅಗಲದ ಗುಂಡಿಗೆ ಸಾಸಿವೆ ಕಾಳು ತುಂಬಿ ಲೆಕ್ಕ ಕಟ್ಟಿದರು. ಕ್ಯಾಂಟರ್ ಹೇಳಿದ್ದನ್ನೇ ಇವರು ಆಗಲೇ ಹೇಳಿದ್ದರು ಅಂತ ನಾನು ಹೇಳೋದಿಲ್ಲ. ಜೋಡಿ ಹಾಕಿ ಸಾಧಿಸಿ ತೋರಿಸಿದ್ದು ಕ್ಯಾಂಟರ್. ಆದರೆ ದೊಡ್ಡದು ಅಂದ ತಕ್ಷಣ ಕೈಮುಗಿದು ಕೂರದೆ ಸಾಸಿವೆ ಸುರಿದು ನೋಡುವ ಧೈರ್ಯ ಇತ್ತಲ್ಲ, ಅದು ನನಗೆ ತುಂಬಾ ಇಷ್ಟ.

ಅದಕ್ಕೇ ಆ "ಅಳೆಯೋಕಾಗಲ್ಲ ಪುಟ್ಟಿ" ನನಗೆ ನೋವು ಕೊಟ್ಟಿದ್ದು. ಏಳನೇ ಕ್ಲಾಸಿನ ಹುಡುಗಿಗೆ ಎಲೆ ಮತ್ತು ಊಟ ಅರ್ಥವಾಗಲ್ವಾ? ಆಯಿತು. ಅರ್ಧ ಗಂಟೆ ಸಾಕಾಯಿತು.

ಆಮೇಲೆ ಅವಳೇ ಕೇಳಿದಳು: "ಚಿಕ್ಕ ಅನಂತಕ್ಕೂ ಈ ದೊಡ್ಡದಕ್ಕೂ ನಡುವೆ ಇನ್ನೊಂದು ಇದೆಯಾ?" ಕ್ಯಾಂಟರ್ ವರ್ಷಗಟ್ಟಲೆ ಒದ್ದಾಡಿದ ಪ್ರಶ್ನೆ ಇದು. ನಡುವೆ ಏನೂ ಇಲ್ಲ ಅಂತ ಅವರು ನಂಬಿದ್ದರು, ಸಾಧಿಸೋಕೆ ಆಗಲಿಲ್ಲ. ಗಣಿತದಲ್ಲಿ ನಾವು ಒಪ್ಪಿಕೊಂಡಿರುವ ಮೂಲ ನಿಯಮಗಳಿಂದ "ಇದೆ" ಅಂತ ಸಾಧಿಸಲಾಗದು ಎಂದು ತರ್ಕಶಾಸ್ತ್ರಜ್ಞ ಕುರ್ಟ್ ಗೋಡೆಲ್ 1940ರಲ್ಲಿ ತೋರಿಸಿದರು. "ಇಲ್ಲ" ಅಂತಲೂ ಸಾಧಿಸಲಾಗದು ಎಂದು ಗಣಿತಜ್ಞ ಪಾಲ್ ಕೋಹೆನ್ 1963ರಲ್ಲಿ ತೋರಿಸಿದರು. ಇದನ್ನೂ ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚುತ್ತಾ ಕೂತಳು. ಆಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಪಂಕ್ತಿಗಳ ಮಧ್ಯೆ ಎಲೆ ಬರೆಯೋಕೆ ಶುರು ಮಾಡಿದಳು.