ಮೂಗೇಟಿಗೆ 14 ದಿನ

ಕೇಳುಗರಿಗೆಲ್ಲ ನಮಸ್ಕಾರ.

ಮಳೆಗಾಲ ಹಿಡಿದಿದೆ. ಅಂಗಳದಲ್ಲಿ ಹಾವಸೆ ಕಟ್ಟಿದೆ. ನಮ್ಮ ಮಲೆನಾಡಿನಲ್ಲಿ ಈ ನಾಲ್ಕು ತಿಂಗಳು ಜಾರಿ ಬೀಳದ ಮನೆಯೇ ಇಲ್ಲ. ಮೂಳೆ ಮುರಿದವರು ಅದೇ ದಿನ ಆಸ್ಪತ್ರೆಗೆ ಬರುತ್ತಾರೆ. ಅವರ ಚಿಂತೆ ನನಗಿಲ್ಲ. ಮೂಳೆ ಮುರಿದಿಲ್ಲ, ಚರ್ಮ ಹರಿದಿಲ್ಲ, ಬರೀ ಮೂಗೇಟು ಅಂತ ಎಣ್ಣೆ ಹಚ್ಚಿಕೊಂಡು ಮನೆಯಲ್ಲೇ ಕೂತಿರುತ್ತಾರಲ್ಲ, ಇವತ್ತಿನ ಮಾತು ಅವರಿಗೆ.

ಬಾಳೆಹಣ್ಣು ಕೆಳಗೆ ಬಿದ್ದರೆ ಸಿಪ್ಪೆ ಹಾಗೇ ಇರುತ್ತದೆ, ಒಳಗೆ ಕಪ್ಪಾಗಿರುತ್ತದೆ, ಅಲ್ವಾ? ಮೂಗೇಟೂ ಹಾಗೇ ಕಾಣುತ್ತದೆ. ಚರ್ಮದ ಅಡಿಯಲ್ಲಿ ಸಣ್ಣ ರಕ್ತನಾಳ ಒಡೆದು, ರಕ್ತ ಹೊರಗೆ ಬರಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಆ ರಕ್ತವನ್ನು ನಮ್ಮ ಮೈ ದಿನಾ ಸ್ವಲ್ಪ ಸ್ವಲ್ಪ ಕರಗಿಸಿ ಹೀರಿಕೊಳ್ಳುತ್ತದೆ. ಕರಗಿದ ಹಾಗೆ ಬಣ್ಣ ಬದಲಾಗುತ್ತದೆ. ಮೊದಲು ಕೆಂಪು. ಒಂದೆರಡು ದಿನಕ್ಕೆ ನೇರಳೆಹಣ್ಣಿನ ಬಣ್ಣ. ಐದಾರು ದಿನ ಕಳೆದ ಮೇಲೆ ಹಸಿರು. ಆಮೇಲೆ ಅರಿಶಿನ. ಎರಡು ವಾರದ ಹೊತ್ತಿಗೆ ಹೆಚ್ಚುಕಡಿಮೆ ಮಾಯ. ಕಾಲಿನ ಪೆಟ್ಟು ಮಾತ್ರ ಸ್ವಲ್ಪ ನಿಧಾನ.

ತಮಾಷೆ ಏನು ಗೊತ್ತಾ? ಜನ ಹೆದರುವುದು ಹಸಿರು ಕಂಡಾಗ. ‘ಒಳಗೆ ಕೊಳೀತಾ ಇದೆ ಡಾಕ್ಟ್ರೇ’ ಅಂತ ಓಡಿ ಬರುತ್ತಾರೆ. ಹಸಿರಾದರೆ ಖುಷಿಪಡಿ. ರಕ್ತ ಕರಗುತ್ತಿದೆ ಅಂತ ಅರ್ಥ. ಹೆದರಬೇಕಾದದ್ದು ಬಣ್ಣ ಬದಲಾಗದೇ ಇದ್ದಾಗ. ಆದರೆ ಆಗ ಯಾರೂ ಬರುವುದಿಲ್ಲ!

ನಾನು ಹೇಳುವುದು ಇಷ್ಟೇ. ಬಿದ್ದ ದಿನ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. 14 ದಿನ ಎಣಿಸಿ. ಅಷ್ಟರಲ್ಲಿ ಕಲೆ ಮಾಸುವ ಹಾದಿಯಲ್ಲಿ ಇಲ್ಲದಿದ್ದರೆ ತೋರಿಸಿ.

ಒಬ್ಬರು ಅಮ್ಮನ ಕತೆ ಹೇಳುತ್ತೇನೆ. ಅರವತ್ತು ದಾಟಿದವರು. ಬೆಳಿಗ್ಗೆ ಹಾಲು ಕರೆದು ಕೊಟ್ಟಿಗೆಯಿಂದ ಬರುವಾಗ ಹಾವಸೆಯ ಮೇಲೆ ಕಾಲಿಟ್ಟರು. ಎಡ ತೊಡೆ ಕಲ್ಲಿನ ಮೆಟ್ಟಿಲಿಗೆ ಬಡಿಯಿತು. ಹಾಲೆಲ್ಲ ಚೆಲ್ಲಿತು. ನನ್ನ ಹತ್ತಿರ ಬಂದಾಗ ‘ಯಾವಾಗ ಬಿದ್ದಿರಿ ಅಮ್ಮ?’ ಅಂದೆ. ‘ಮೊನ್ನೆ ಮೊನ್ನೆ’ ಅಂದರು. ಸೊಸೆ ಜಾಣೆ. ಚೀಲದಿಂದ ಡೈರಿಯ ಹಾಲಿನ ಪುಸ್ತಕ ತೆಗೆದಳು. ಒಂದು ಬೆಳಿಗ್ಗೆಯ ಎದುರು ಸೊನ್ನೆ. ಆ ಸೊನ್ನೆಯಿಂದ ಎಣಿಸಿದರೆ ಅವತ್ತಿಗೆ 24ನೇ ದಿನ!

ಕಲೆ ಇನ್ನೂ ನೇರಳೆ ಬಣ್ಣದಲ್ಲೇ ಇತ್ತು. ಒತ್ತಿ ನೋಡಿದರೆ ಒಳಗೆ ಮಾವಿನಕಾಯಿ ಗಾತ್ರದ ಗಡ್ಡೆ. ಏನು ಮಾಡುತ್ತಿದ್ದಿರಿ ಅಂದರೆ, ದಿನಕ್ಕೆ ಎರಡು ಸಲ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ, ಬಿಸಿ ಮಾಡಿ, ಚೆನ್ನಾಗಿ ನೀವುತ್ತಿದ್ದರಂತೆ. ಪಕ್ಕದ ಮನೆಯವರ ಕೈ ಬಲವಾಗಿದೆ ಅಂತ ಅವರನ್ನೇ ಕರೆಸಿ ನೀವಿಸಿಕೊಂಡದ್ದೂ ಆಯಿತು. ಒಡೆದ ನಾಳ ಮುಚ್ಚಿಕೊಳ್ಳಲು ನೋಡುತ್ತದೆ, ಇವರು ದಿನಾ ಎರಡು ಸಲ ಅದನ್ನು ಬಿಚ್ಚುತ್ತಾರೆ. ಹೇಗೆ ವಾಸಿಯಾಗಬೇಕು?

‘ಮಾತ್ರೆ ಏನಾದರೂ ತಗೊಳ್ತೀರಾ?’ ಅಂತ ಕೇಳಿದೆ.

‘ಎಂತದೂ ಇಲ್ಲ ಮಾರಾಯ್ರೇ.’

‘ಬಿಪಿಗೆ? ಶುಗರಿಗೆ? ಹೃದಯಕ್ಕೆ?’

‘ಓ, ಅದಾ? ಅದು ಮಾತ್ರೆ ಅಲ್ಲ, ಅದು ದಿನಾ ತಗೊಳ್ಳೋದು.’

ನಗಬೇಡಿ. ನಿಮ್ಮ ಮನೆಯಲ್ಲೂ ಹೀಗೇ ಹೇಳುತ್ತಾರೆ. ಹಿಂದಿನ ವರ್ಷ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು, ಅಂದರೆ ನಾಳ ಮುಚ್ಚದ ಹಾಗೆ ತೆರೆದಿಡುವ ಸಣ್ಣ ಜಾಲರಿ ಕೊಳವೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡೂ ನಡೆಯುತ್ತಿದ್ದವು. ಅದರ ಮೇಲೆ ತೊಡೆ ನೋವಿಗೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ಬೇರೆ. ಅದೂ ರಕ್ತ ನಿಲ್ಲುವುದನ್ನು ತಡೆಯುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8. ಹೆಂಗಸರಿಗೆ 12 ಆದರೂ ಇರಬೇಕು. ಇನ್ನೊಂದು ವಿಷಯ ಕೇಳಿ ನನಗೆ ನಿಜವಾಗಿ ಸಿಟ್ಟು ಬಂತು. ಯಾರೋ ನೆಂಟರು ‘ಹೃದಯದ ಮಾತ್ರೆಯಿಂದಲೇ ಹೀಗಾಗಿದೆ, ನಿಲ್ಲಿಸಿಬಿಡಿ’ ಅಂದಿದ್ದರಂತೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಸ್ಟೆಂಟ್ ಇದ್ದವರು ಸುಮ್ನೆ ಮಾತ್ರೆ ಬಿಟ್ಟರೆ ಸ್ಟೆಂಟೇ ಕಟ್ಟಿಕೊಂಡು ಹೃದಯಾಘಾತ ಆಗಬಹುದು. ನಿಲ್ಲಿಸುವುದೋ ಬೇಡವೋ ಅಂತ ಹೇಳಬೇಕಾದವರು ಮಾತ್ರೆ ಬರೆದ ಡಾಕ್ಟರು, ನೆಂಟರಲ್ಲ. ನಾವು ಅವರ ಹೃದಯದ ಡಾಕ್ಟರಿಗೆ ಫೋನು ಮಾಡಿ ಕೇಳಿದೆವು. ಎಣ್ಣೆ ಬಂದ್, ನೋವಿನ ಮಾತ್ರೆ ಬಂದ್. ಆದರೂ ಆ ಗಡ್ಡೆ ಕರಗಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಕೊಟ್ಟಿಗೆ ಕೆಲಸ ಸೊಸೆಯದೇ.

ಹಾಗಾಗಿ, ಬರುವಾಗ ಮನೆಯಲ್ಲಿರುವ ಮಾತ್ರೆ ಸ್ಟ್ರಿಪ್ಪುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಹೆಸರು ಹೇಳಬೇಡಿ, ಸ್ಟ್ರಿಪ್ಪನ್ನೇ ತೋರಿಸಿ. ‘ಬಿಳಿ ಮಾತ್ರೆ, ಸಣ್ಣದು’ ಅಂದರೆ ನಮಗೆ ಏನು ತಿಳಿಯುತ್ತದೆ ಹೇಳಿ?

ಹೊಸ ಪೆಟ್ಟಿಗೆ ಮೊದಲ ಎರಡು ದಿನ ಐಸು. ಬಟ್ಟೆಯಲ್ಲಿ ಸುತ್ತಿ, ಒಂದು ಸಲಕ್ಕೆ 10–15 ನಿಮಿಷ. ಕಾಲಾದರೆ ದಿಂಬಿನ ಮೇಲೆ ಎತ್ತಿಡಿ. ನೀವಬೇಡಿ. ಕಲೆಯ ಅಂಚಿಗೆ ಬಾಲ್‌ಪೆನ್ನಿನಲ್ಲಿ ಒಂದು ಗೆರೆ ಎಳೆದಿಡಿ. ನಾಳೆ ಊತ ಗೆರೆ ದಾಟಿ ಬೆಳೆಯುತ್ತಿದ್ದರೆ 14 ದಿನ ಕಾಯಬೇಡಿ, ಬನ್ನಿ.

ಸ್ಟುಡಿಯೋ ಗಾಜಿನ ಆಚೆಯಿಂದ ಸಮಯ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ಕತೆ ಹೇಳಿದ್ದೇ ಜಾಸ್ತಿ ಆಯಿತು ಅನ್ನಿಸುತ್ತದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಅದೇ ದಿನ, ಅದೇ ಗಂಟೆಗೆ ಬರಬೇಕಾದವರು ಕೆಲವರಿದ್ದಾರೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರ ತಲೆಗೆ ಪೆಟ್ಟು ಬಿದ್ದರೆ, ಅವರು ಚೆನ್ನಾಗಿ ಮಾತಾಡುತ್ತಿದ್ದರೂ ಕರೆತನ್ನಿ. ಕೈಕಾಲು ಬಿಗಿದುಕೊಂಡು ಊದಿ, ತಡೆಯಲಾಗದ ನೋವಿದ್ದು, ಬೆರಳು ಜೋಮು ಹಿಡಿದರೆ ಬನ್ನಿ. ಹೊಟ್ಟೆಗೆ ಪೆಟ್ಟು ಬಿದ್ದು ನೋವು ಏರುತ್ತಿದ್ದರೂ ಬನ್ನಿ.

ಪೆಟ್ಟೇ ಬೀಳದೆ ಮೈಮೇಲೆ ನೀಲಿ ಕಲೆ ಬಂದರೆ, ಒಸಡಿನಲ್ಲಿ ರಕ್ತ ಬಂದರೆ, ಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕಿ ಎದ್ದರೆ, ಆಗಲೂ ದಿನ ಎಣಿಸುತ್ತಾ ಕೂರಬೇಡಿ. ಜ್ವರವೂ ಇದ್ದರೆ ಡೆಂಗಿ ಇರಬಹುದು. ‘ಬಿಳಿರಕ್ತಕಣ ಇಳೀತು’ ಅಂತ ಊರೆಲ್ಲ ಹೇಳುತ್ತದೆ. ಅದು ಬಿಳಿರಕ್ತಕಣ ಅಲ್ಲ, ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣ. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕು. ಕುಡಿತದಿಂದ ಲಿವರ್ ಕೆಟ್ಟವರಿಗೂ ಹೀಗೆ ಸುಮ್ನೆ ಕಲೆ ಬೀಳುತ್ತದೆ.

ಅಂಬೆಗಾಲಿಡುವ ಗಂಡುಮಗುವಿಗೆ ಪದೇಪದೇ ಕಲೆ ಬಿದ್ದು, ಮಂಡಿ ಊದುತ್ತಿದ್ದರೆ ತಾಯಿಯ ಕಡೆ ವಿಚಾರಿಸಿ. ಸೋದರಮಾವನಿಗೂ ಚಿಕ್ಕಂದಿನಲ್ಲಿ ಹೀಗೇ ಆಗುತ್ತಿತ್ತಾ ಅಂತ ಕೇಳಿ. ಅದು ಹಿಮೋಫಿಲಿಯಾ ಇರಬಹುದು, ರಕ್ತ ಸರಿಯಾಗಿ ಹೆಪ್ಪುಗಟ್ಟದ, ತಾಯಿಯ ಕಡೆಯಿಂದ ಬರುವ ಕಾಯಿಲೆ. ಆದರೆ ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೂ ಮಗುವನ್ನು ತೋರಿಸಿ.

ಕ್ಯಾಲೆಂಡರು ಗೋಡೆಯ ಮೇಲೇ ಇದೆ ತಾನೇ? ಈ ವಾರ ಬಿದ್ದವರು ಈಗಲೇ ಎದ್ದು ಗುರುತು ಹಾಕಿ. ಹೋಗುವಾಗ ನಿಧಾನ, ಅಂಗಳ ಜಾರುತ್ತದೆ. ನಮಸ್ಕಾರ.