ಹಳೇ ದೊಡ್ಡ ಗಾಡಿ, 600 ರೂಪಾಯಿ ಹೋಸು

ಎಲ್ಲಾ ಕೇಳುಗರಿಗೂ ನಮಸ್ಕಾರ. ನಾನು ಹಾಸನದಲ್ಲಿ ಗ್ಯಾರೇಜ್ ಇಟ್ಕೊಂಡಿರೋ ಮೆಕ್ಯಾನಿಕ್ಕು, 26 ವರ್ಷದಿಂದ ಡೀಸೆಲ್ ಗಾಡಿಗಳದ್ದೇ ಕೆಲಸ. ಇವತ್ತು ಹಳೇ ಎಸ್‌ಯುವಿಗಳ ಬಗ್ಗೆ, ಅಂದ್ರೆ ನಮ್ ಮಲೆನಾಡಲ್ಲಿ ತೋಟಕ್ಕೊಂದು ಕಾಣೋ ಏಳೆಂಟು ಸೀಟಿನ ಆ ದೊಡ್ಡ ಗಾಡಿಗಳ ರಿಪೇರಿ ಬಗ್ಗೆ ಮಾತಾಡ್ತೀನಿ.

ಸಫಾರಿ ಬಂದಿದ್ದು 1998ರಲ್ಲಿ, ಸ್ಕಾರ್ಪಿಯೊ 2002ರಲ್ಲಿ. ಆವಾಗ ಹೊಸದು ತಗೊಳ್ಳೋದು ದೊಡ್ಡೋರ ಮಾತು. ಈಗ ಹತ್ತು ಹದಿನೈದು ವರ್ಷ ಓಡಿರೋ ಗಾಡಿ ಮೂರು ನಾಲ್ಕು ಲಕ್ಷಕ್ಕೆ ಸಿಗ್ತಾವೆ, ಕಾಫಿ ಮಾರಿದ ದುಡ್ಡು ಕೈಗೆ ಬಂದ ತಕ್ಷಣ ಹೋಗಿ ತಂದುಬಿಡ್ತಾರೆ. ಗಾಡಿ ರೇಟು ಇಳಿದಿರುತ್ತೆ ನಿಜ, ಅದರೊಳಗಿನ ಪಾರ್ಟ್ಸ್ ರೇಟು ಇಳಿದಿರಲ್ಲ. ಎರಡು ಟನ್ ತೂಗೋ ಗಾಡಿಗೆ ಬೇಕಾದ ಬ್ರೇಕು, ಟೈರು, ಕ್ಲಚ್ಚು ಎಲ್ಲಾ ದೊಡ್ಡ ಸೈಜಿಂದು, ಅದಕ್ಕೆ ದುಡ್ಡೂ ದೊಡ್ಡದೇ.

ಹೋದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಒಂದು ಗಾಡಿ ಎಳ್ಕೊಂಡು ಬಂದ್ರು. 1 ಲಕ್ಷ 80 ಸಾವಿರ ಕಿಲೋಮೀಟರ್ ಓಡಿತ್ತು, ಬಾಡಿ ಪಳಪಳ ಅಂತಿತ್ತು. ಯಜಮಾನ್ರು ವಯಸ್ಸಾದೋರು, ಹಿಂಗಂದ್ರು, "ಹೀಟ್ ಮೀಟರ್ ಮೇಲಕ್ಕೆ ಹೋಯ್ತಪ್ಪ, ಆಮೇಲೆ ತಾನಾಗೇ ಇಳೀತು, ಸರಿ ಹೋಯ್ತು ಅಂದ್ಕೊಂಡು ಇನ್ನೊಂದು ಹತ್ತು ಕಿಲೋಮೀಟರ್ ಹೊಡ್ದೆ." ಇದನ್ನ ದಯವಿಟ್ಟು ಎಲ್ಲರೂ ಗಮನ ಇಟ್ಟು ಕೇಳಿ. ಹೀಟ್ ಮೀಟರಿನ ಸೆನ್ಸರ್, ಇಂಜಿನ್ ತಣ್ಣಗಿಡೋ ಕೂಲೆಂಟ್ ನೀರಲ್ಲಿ ಮುಳುಗಿದ್ರೆ ಮಾತ್ರ ಸರಿಯಾಗಿ ತೋರಿಸೋದು, ನೀರೆಲ್ಲಾ ಸೋರಿ ಹೋದ್ಮೇಲೆ ಅದರ ಸುತ್ತ ಬರೀ ಆವಿ, ಆಗ ಮುಳ್ಳು ಕೆಳಗಿಳಿದುಬಿಡಬಹುದು, ಒಳಗೆ ಇಂಜಿನ್ ಬೇಯ್ತಾ ಇರುತ್ತೆ. ಮುಳ್ಳು ಮೇಲೆ ಹೋಗಿ ಇದ್ದಕ್ಕಿದ್ದಂಗೆ ಇಳೀತು ಅಂದ್ರೆ ಅದೇ ಜಾಗದಲ್ಲಿ ಸೈಡಿಗೆ ಹಾಕಿ ಇಂಜಿನ್ ಆಫ್ ಮಾಡಿ. ಬಿಸಿ ಇರೋವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ, ಕುಕ್ಕರ್ ಮುಚ್ಚಳ ಪ್ರೆಷರ್ ಇಳಿಯೋ ಮುಂಚೆ ತೆಗೆದಂಗೇ ಅದು, ಮುಖಕ್ಕೇ ಹಾರುತ್ತೆ.

ಆ ಗಾಡೀಲಿ ಒಡೆದಿದ್ದು ಏನು ಅಂತೀರಾ, ರೇಡಿಯೇಟರಿನ ಮೇಲಿನ ಹೋಸ್ ಪೈಪು, 600 ರೂಪಾಯಿಂದು. ಕೈಲಿ ಹಿಸುಕಿದ್ರೆ ಒಣಗಿದ ಸಿಪ್ಪೆ ಥರ ಚಟಚಟ ಅಂತಿತ್ತು. ಅದರಿಂದ ನೀರು ಸೋರಿ, ಹೆಡ್ ಅಂದ್ರೆ ಇಂಜಿನ್ನಿನ ಮೇಲಿನ ಮುಚ್ಚಳ ಬೆಂಡ್ ಆಗಿ, ಅದರಡಿ ನೀರು, ಆಯಿಲ್ ಸೋರದಂಗೆ ಹಿಡಿಯೋ ಗ್ಯಾಸ್ಕೆಟ್ ಹೋಗಿತ್ತು. ಹೆಡ್ ಇಳಿಸಿ, ಲೇತಲ್ಲಿ ಮಟ್ಟಸ ಮಾಡೋ ಫೇಸಿಂಗ್ ಮಾಡ್ಸಿ, ಕ್ರ್ಯಾಕ್ ಇದೆಯಾ ಅಂತ ಪ್ರೆಷರ್ ಟೆಸ್ಟ್ ಮಾಡ್ಸಿ, ಹೊಸ ಬೋಲ್ಟು, ಗ್ಯಾಸ್ಕೆಟ್ ಸೆಟ್ಟು, ವಾಟರ್ ಪಂಪು, ಆಯಿಲ್ಲು, ಕೂಲೆಂಟ್, ಲೇಬರ್ ಎಲ್ಲಾ ಸೇರಿ 46,000 ಆಯ್ತು. ಹೆಡ್ ಸೀಳಿರಲಿಲ್ಲ, ಅದೊಂದೇ ಸಮಾಧಾನ. ಅವರ ಮುಂದೆ ಆ ಬಿಲ್ ಇಡೋವಾಗ ನನಗೇ ಕೈ ಬರ್ಲಿಲ್ಲ, ಯಾಕಂದ್ರೆ ಎರಡು ತಿಂಗಳ ಹಿಂದೆ ಆಯಿಲ್ ಬದಲಾಯಿಸಿದ ಜಾಗದಲ್ಲಿ ಯಾರಾದ್ರೂ ಆ ಹೋಸ್ ಒಂದ್ಸಲ ಹಿಸುಕಿ ನೋಡಿದ್ರೆ ಇಷ್ಟೂ ಉಳೀತಿತ್ತು.

ಇನ್ನೊಂದು ಹೀಟಿಂಗ್ ಕಂಪ್ಲೇಂಟ್ ಇದೆ, ಬಿ.ಎಂ. ರೋಡಲ್ಲಿ, ಅಂದ್ರೆ ಬೆಂಗಳೂರು-ಮಂಗಳೂರು ಹೈವೇಲಿ, ನೂರರಲ್ಲಿ ಹೋದ್ರೂ ಏನೂ ಆಗಲ್ಲ, ಆದ್ರೆ ಮುಳ್ಳಯ್ಯನಗಿರಿ ಕಡೆಗೆ ಫಸ್ಟು ಸೆಕೆಂಡ್ ಗೇರಲ್ಲಿ ಹತ್ತೋವಾಗ ಹೀಟ್ ಆಗುತ್ತೆ ಅಂತಾರೆ. ಹೈವೇಲಿ ಗಾಳಿ ತಾನಾಗೇ ರೇಡಿಯೇಟರಿಗೆ ಬಡಿಯುತ್ತೆ, ನಿಧಾನಕ್ಕೆ ಹತ್ತೋವಾಗ ಫ್ಯಾನೇ ಗತಿ. ಇಂಥ ಎಷ್ಟೋ ಗಾಡೀಲಿ ಇಂಜಿನ್ ಮುಂದೆ ಇರೋ ಆ ದೊಡ್ಡ ಫ್ಯಾನಿಗೆ ವಿಸ್ಕಸ್ ಕಪ್ಲಿಂಗ್ ಅಂತ ಇರುತ್ತೆ, ಒಳಗೆ ಸಿಲಿಕೋನ್ ಆಯಿಲ್, ಬಿಸಿ ಆದಾಗ ಅದು ಫ್ಯಾನನ್ನ ಹಿಡ್ಕೊಂಡು ಜೋರಾಗಿ ತಿರುಗಿಸ್ಬೇಕು. ಆ ಆಯಿಲ್ ಸೋರಿ ಹೋದ್ರೆ ಫ್ಯಾನ್ ಸುಮ್ನೆ ಜಾರ್ತಾ ಇರುತ್ತೆ. ಬಿಸಿ ಇಂಜಿನ್ ಆಫ್ ಮಾಡಿ, ಕೀ ತೆಗೆದು, ಫ್ಯಾನ್ ಕೈಲಿ ತಳ್ಳಿ ನೋಡಿ, ಗಿರಗಿಟ್ಲೆ ಥರ ಸುತ್ತಿದ್ರೆ ಕಪ್ಲಿಂಗ್ ಹೋಗಿದೆ ಅಂತ. ನಮ್ಮಲ್ಲಿ ಆರೇಳು ಸಾವಿರದಲ್ಲಿ ಮುಗಿಯುತ್ತೆ, ಇದು ಗೊತ್ತಾಗದೆ ಹೊಸ ರೇಡಿಯೇಟರ್ ಹಾಕ್ಸಿ, ಇಂಜಿನ್ ಬಿಸಿ ಹದಕ್ಕೆ ಬರೋವರೆಗೂ ನೀರು ತಡೆಯೋ ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಬಂದೋರು ಬೇಕಾದಷ್ಟು ಜನ. ಥರ್ಮೋಸ್ಟಾಟ್ ಕೀಳಬೇಡಿ, ಇಂಜಿನ್ ಬಿಸಿಯಾಗಬೇಕಾದಷ್ಟು ಬಿಸಿಯಾಗದಿದ್ರೆ ಡೀಸೆಲ್ಲೂ ಜಾಸ್ತಿ ಕುಡಿಯುತ್ತೆ, ಸವೆತಾನೂ ಜಾಸ್ತಿ.

ಟರ್ಬೊ, ಅಂದ್ರೆ ಇಂಜಿನ್ನಿಗೆ ಜಾಸ್ತಿ ಗಾಳಿ ತುಂಬೋ ಚಕ್ರ, ಅದರ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಅದು ನಿಮಿಷಕ್ಕೆ 1 ಲಕ್ಷಕ್ಕೂ ಮೇಲೆ ಸುತ್ತುತ್ತೆ, ಅದರ ಜೀವ ಇರೋದು ಇಂಜಿನ್ ಆಯಿಲಲ್ಲಿ. ಘಾಟಿ ಹತ್ತಿ ಬಂದು ತಕ್ಷಣ ಕೀ ತಿರುಗಿಸ್ಬೇಡಿ, ಒಂದೆರಡು ನಿಮಿಷ ಐಡಲಲ್ಲಿ ಬಿಡಿ. ನೀಲಿ ಹೊಗೆ, ವಿಶಲ್ ಸದ್ದು, ಪಿಕಪ್ ಇಲ್ಲ ಅಂದ್ರೆ ತೋರಿಸಿ, ರೀಕಂಡೀಷನ್ 20,000 ಆಸುಪಾಸು, ಹೊಸದಾದ್ರೆ ಅದರ ಡಬ್ಬಲ್ಲು. ಕ್ಲಚ್ ಬದಲಾಯಿಸೋವಾಗ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರೂ ಒಟ್ಟಿಗೇ ಹಾಕ್ಸಿ, ಗೇರ್ ಬಾಕ್ಸ್ ಇಳಿಸೋ ಲೇಬರ್ ಎರಡು ಸಲ ಕೊಡಬೇಡಿ. ಇದೆಲ್ಲಾ ನಮ್ಮ ಗ್ಯಾರೇಜಿನ ರೇಟು, ಕಂಪನಿ ಸರ್ವಿಸಲ್ಲಿ ಇನ್ನೂ ಜಾಸ್ತಿ ಇರುತ್ತೆ.

ಈಗ ಬ್ರೇಕು. ಇದರಲ್ಲಿ ದುಡ್ಡಿನ ಲೆಕ್ಕಕ್ಕಿಂತ ಪ್ರಾಣದ ಲೆಕ್ಕ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯೋವಾಗ ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡಿ, ಕೆಲವರು ಇಂಜಿನ್ನೇ ಆಫ್ ಮಾಡಿ ಬಿಡ್ತಾರೆ. ಡೀಸೆಲ್ ಇಂಜಿನ್ನಿಗೆ ಪೆಡಲ್ ಒತ್ತೋಕೆ ಬಲ ಕೊಡೋ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಕೊಡೋಕೆ ಬೇರೆ ಪಂಪೇ ಇರುತ್ತೆ, ಎಷ್ಟೋ ಹಳೇ ಗಾಡೀಲಿ ಡೈನಮೋ ಹಿಂದೇನೇ ಕೂತಿರುತ್ತೆ. ಇಂಜಿನ್ ನಿಂತ್ರೆ ಪಂಪೂ ನಿಲ್ಲುತ್ತೆ, ಎರಡ್ಮೂರು ಸಲ ಒತ್ತಿದ್ಮೇಲೆ ಪೆಡಲ್ ಕಲ್ಲಾಗುತ್ತೆ, ಎರಡು ಟನ್ ಗಾಡಿ, ಒಳಗೆ ಎಂಟು ಜನ, ಮುಂದೆ ತಿರುವು. ಯಾವ ಗೇರಲ್ಲಿ ಹತ್ತುತೀರೋ ಅದೇ ಗೇರಲ್ಲಿ ಇಳೀರಿ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಅದು ಗಾಳೀಲಿರೋ ತೇವ ಎಳ್ಕೊಳ್ಳುತ್ತೆ, ನಮ್ ಕಡೆ ಜೂನಿಂದ ಬರೀ ತೇವಾನೇ ಅಲ್ವಾ. ಡಾಟ್ 3 ಅನ್ನೋ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯೋಕೆ ಕಮ್ಮಿ ಅಂದ್ರೂ 205 ಡಿಗ್ರಿ ಬೇಕು, ನೀರು ಕುಡಿದ್ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಸತತ ಬ್ರೇಕ್ ಒತ್ತಿದ್ರೆ ಅಷ್ಟು ಬಿಸಿ ಆಗೋದು ಕಷ್ಟ ಏನಲ್ಲ, ಆಯಿಲ್ ಒಳಗೆ ಗುಳ್ಳೆ ಬಂದ್ರೆ ಪೆಡಲ್ ನೆಲಕ್ಕೆ ಹೋಗುತ್ತೆ. ಒಂದು ಸಾವಿರ, ಒಂದೂವರೆ ಸಾವಿರದ ಕೆಲಸ ಇದು. ಹಾಡು ಹಾಕೋ ಸಿಸ್ಟಮ್ಮಿಗೆ ಇಪ್ಪತ್ತು ಸಾವಿರ ಹಾಕ್ಸಿರೋ ಗಾಡೀಲಿ ಕಪ್ಪು ಡಿಕಾಕ್ಷನ್ ಥರ ಬ್ರೇಕ್ ಆಯಿಲ್ ನೋಡ್ದಾಗ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ತೋಟದ ಶೆಡ್ಡಲ್ಲಿ ತಿಂಗಳುಗಟ್ಟಲೆ ನಿಲ್ಲಿಸೋರು ವೈರಿಂಗ್ ಇಲಿ ಕಡಿದಿದೆಯಾ ನೋಡ್ಕೊಳ್ಳಿ, ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸಿ, ಅದೇ ನೀರು ಇಂಜಿನ್ನಿಗೆ ಡೀಸೆಲ್ ಚಿಮುಕಿಸೋ ಇಂಜೆಕ್ಟರಿಗೆ ಹೋದ್ರೆ ಒಂದೊಂದಕ್ಕೂ ಸಾವಿರಗಟ್ಟಲೆ. ಗಾಡಿ ಅಡಿಯ ಚಾಸಿಗೆ ಮೆತ್ತಿದ ಕೆಸರು ಮಳೆಗಾಲ ಮುಗಿದ ತಕ್ಷಣ ತೊಳೆಸಿ, ಅದರಡಿಯಲ್ಲೇ ತುಕ್ಕು ಶುರು.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಒಂದು ಮಾತು. 15 ವರ್ಷ ಆಗಿರೋ ಕಾರಿಗೆ ಆರ್‌ಸಿ ರಿನ್ಯೂ ಮಾಡ್ಸೋ ಫೀಸು 2022ರ ಏಪ್ರಿಲಲ್ಲೇ 600ರಿಂದ 5,000ಕ್ಕೆ ಏರಿತ್ತು, ಅದು ಲೆಕ್ಕದಲ್ಲಿರಲಿ. ಗಾಡಿ ರೇಟಿನ ಜೊತೆಗೆ ರಿಪೇರಿಗೆ ಅಂತ 60-70 ಸಾವಿರ ಕೈಲಿ ಇಟ್ಕೊಂಡೇ ಹೋಗಿ, ಅಷ್ಟಿಲ್ಲಾಂದ್ರೆ ಚಿಕ್ಕ ಗಾಡಿ ನೋಡಿ, ಬೇಜಾರು ಮಾಡ್ಕೋಬೇಡಿ. ಮಾರೋರಿಗೆ ಹಿಂದಿನ ದಿನಾನೇ ಫೋನ್ ಮಾಡಿ, "ಅಣ್ಣಾ, ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ" ಅನ್ನಿ. ಬೆಳಿಗ್ಗೆ ಹೋಗಿ ಮೊದಲು ಬಾನೆಟ್ ಮೇಲೆ ಅಂಗೈ ಇಡಿ. ತಣ್ಣಗಿದ್ರೆ ಕೂಲೆಂಟ್ ಕ್ಯಾಪ್ ತೆಗೆದು, ನಿಮ್ಮ ಕಣ್ಮುಂದೇನೇ ಸ್ಟಾರ್ಟ್ ಮಾಡ್ಸಿ, ನೀರಲ್ಲಿ ಗುಳ್ಳೆ ಮೇಲಿಂದ ಮೇಲೆ ಬರ್ತಾನೇ ಇದೆಯಾ ನೋಡಿ, ಆಯಿಲ್ ಕ್ಯಾಪಿನ ಒಳಗೆ ಹಾಲಿನ ಕೆನೆ ಥರ ಮೆತ್ತಿದೆಯಾ ನೋಡಿ, ಎರಡೂ ಗ್ಯಾಸ್ಕೆಟ್ ಹೋಗಿರೋ ಗುರುತಾಗಿರಬಹುದು. ಬಾನೆಟ್ ಆಗ್ಲೇ ಬಿಸಿಯಾಗಿದ್ರೆ ಮೊದ್ಲೇ ಸ್ಟಾರ್ಟ್ ಮಾಡಿದಾರೆ ಅಂತ, ಅಡ್ವಾನ್ಸ್ ಕೊಡ್ಬೇಡಿ, ಕಾಫಿ ಕುಡಿದು, ನಾಳೆ ಬೆಳಿಗ್ಗೆ ಇನ್ನೂ ಬೇಗ ಬರ್ತೀನಿ ಅಂತ ಹೇಳಿ ಬನ್ನಿ. ನಮಸ್ಕಾರ.